ಹಳೆಯ ಎಂಜಿನಿನ ವಯೋನಿರ್ಣಯ



ಆಯುಸ್ಸು, ವಿತ್ತ, ಮನೆಯ ಗುಟ್ಟು ಮುಂತಾದ ಒಂಬತ್ತು ವಿಷಯಗಳನ್ನು ಹೊರಗೆ ಹೇಳಬಾರದೆಂದು ನಮ್ಮ ನೀತಿಕಾರರು ವಿಧಿಸಿರುವರು. ಕುಮಟೆಯ ಗೃಹಸ್ಥರೊಬ್ಬರಿಂದ ಈಚೆಗೆ ಬಂದ ಪತ್ರವೊಂದರಲ್ಲಿ ಈ ಮೂರೂ ಕೂಡಿಕೊಂಡಿದ್ದುವು. ಆ ಪತ್ರದ ಸಾರಾಂಶವಿಷ್ಟು: ಅವರ ತೀರ್ಥರೂಪರು ಬಿಟ್ಟುಹೋದ ಮೋಟಾರು ಸೈಕಲ್ಲೊಂದು ಕೊಟ್ಟಿಗೆಯ ಮೂಲೆಯಲ್ಲಿದೆ. ಅದನ್ನು ಅಜ್ಜನವರು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಕೊಂಡರೆಂದು ಅಣ್ಣನವರ ವಾದ. ನೋಡಲು ಬಂದ ದಲ್ಲಾಳಿಯು ಎಂಜಿನು ಅಷ್ಟು ಹಳೆಯದಲ್ಲವೆಂದು ಹೇಳಿ, ನಂಬರನ್ನು ‘ಸರಿಪಡಿಸಿ’ ಕೊಟ್ಟರೆ ಬೆಲೆ ಹೆಚ್ಚುವುದೆಂಬ ಸೂಚನೆಯನ್ನೂ ಕೊಟ್ಟುಹೋಗಿರುವನು. ನೋಂದಣಿ ಪುಸ್ತಕದಲ್ಲಿ ಇಸವಿಯ ಮೊದಲೆರಡು ಅಂಕೆಗಳು ಮಾತ್ರ ಉಳಿದು, ಮಿಕ್ಕೆರಡನ್ನು ಗೆದ್ದಲು ತಿಂದಿದೆ. ಇದರಿಂದಾಗಿ ಅಣ್ಣತಮ್ಮಂದಿರಲ್ಲಿ ಮಾತಿಗೆ ಮಾತು ಬೆಳೆದು, ಚೌತಿ ಹಬ್ಬಕ್ಕೂ ಒಬ್ಬರ ಮನೆಗೆ ಮತ್ತೊಬ್ಬರು ಹೋಗಲಿಲ್ಲವಂತೆ. ‘ಎಂಜಿನಿನ ವಯಸ್ಸನ್ನು ನಿರ್ಣಯಿಸುವ ಕ್ರಮವೇನಾದರೂ ಇದ್ದರೆ ತಿಳಿಸಬೇಕು’ ಎಂದು ಅವರ ಕೋರಿಕೆ.

ನಾನು ಯಂತ್ರಶಿಲ್ಪಿಯಲ್ಲ, ಶಾಲೆಯಲ್ಲಿ ಸಂಸ್ಕೃತವನ್ನೂ ಲೆಕ್ಕವನ್ನೂ ಹೇಳಿಕೊಟ್ಟವನು. ಆದರೆ ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಮೋಟಾರು ಸೈಕಲ್ಲುಗಳನ್ನು ದುರಸ್ತಿಮಾಡುವ ಕುಶಲರ ಅಂಗಡಿಗಳಲ್ಲಿ ಕುಳಿತು ಕೇಳಿದುದನ್ನೂ ಪುಸ್ತಕಗಳಲ್ಲಿ ಓದಿದುದನ್ನೂ ಸೇರಿಸಿ, ಗೃಹಸ್ಥರಿಗೆ ಉಪಯೋಗವಾಗುವಷ್ಟನ್ನು ಇಲ್ಲಿ ನಿರೂಪಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಇಂಥ ಯಂತ್ರಗಳು ಮನೆಮನೆಯ ಹಿತ್ತಿಲಲ್ಲಿ ಸೋಗೆಯ ಮರೆಯಲ್ಲಿ ನಿಂತಿರುವುದರಿಂದ, ಒಬ್ಬರ ಪ್ರಶ್ನೆಗೆ ಕೊಟ್ಟ ಉತ್ತರವು ಹಲವರಿಗೆ ಸಲ್ಲಬಹುದು.

ಮೊದಲು ‘ವಯಸ್ಸು’ ಎಂಬ ಶಬ್ದದ ಅರ್ಥವನ್ನು ಖಚಿತಪಡಿಸಿಕೊಳ್ಳಬೇಕು. ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನೋ ಭಟ್ಕಳದ ಖೇತಪೈ ನಾರಾಯಣ ದೇವಾಲಯವನ್ನೋ ನೋಡಲು ಹೋದವರು, ಗುಡಿ ಕಟ್ಟಿದ ಕಾಲ ಒಂದು, ಅಂಗಳದ ಶಾಸನ ಕೆತ್ತಿದ ಕಾಲ ಮತ್ತೊಂದು, ಜೀರ್ಣೋದ್ಧಾರದ ಕಾಲ ಇನ್ನೊಂದು ಆಗಿರಬಹುದೆಂಬುದನ್ನು ಬಲ್ಲರು. ಮೋಟಾರು ಸೈಕಲ್ಲಿನಲ್ಲಿಯೂ ಹಾಗೆಯೇ ಮೂರು ಕಾಲಗಳಿರುತ್ತವೆ. ಎಂಜಿನು ಕಾರ್ಖಾನೆಯಲ್ಲಿ ತಯಾರಾದುದು ಮೊದಲನೆಯದು. ಚೌಕಟ್ಟು, ಎಂದರೆ ಚಾಸಿ, ತಯಾರಾದುದು ಎರಡನೆಯದು. ಸರಕಾರದ ಪುಸ್ತಕದಲ್ಲಿ ಮೊದಲ ಬಾರಿಗೆ ನೋಂದಣಿಯಾದುದು ಮೂರನೆಯದು. ಈ ಮೂರೂ ಒಂದೇ ವರ್ಷದಲ್ಲಿ ಬಂದರೆ ತಕರಾರಿಲ್ಲ. ಆದರೆ ಎಂಜಿನು ಸುಟ್ಟಾಗ ಬೇರೊಂದನ್ನು ಕೂಡಿಸುವುದೂ, ಹಳೆಯ ಗಾಡಿ ಎಷ್ಟೋ ವರ್ಷಗಳ ಮೇಲೆ ನಮ್ಮ ಜಿಲ್ಲೆಗೆ ಬಂದು ನೋಂದಣಿಯಾಗುವುದೂ ಸಾಮಾನ್ಯ. ಆದುದರಿಂದ ಯಾವುದರ ವಯಸ್ಸನ್ನು ಕೇಳುತ್ತಿದ್ದೇವೆಂಬುದನ್ನು ಮೊದಲೇ ಬೇರ್ಪಡಿಸಿಕೊಳ್ಳತಕ್ಕದ್ದು. ಕುಟುಂಬಗಳಲ್ಲಿ ಹುಟ್ಟುವ ಜಗಳಗಳಲ್ಲಿ ಅರ್ಧಕ್ಕರ್ಧ, ಒಬ್ಬನು ಎಂಜಿನಿನ ವಿಷಯವನ್ನೂ ಮತ್ತೊಬ್ಬನು ಗಾಡಿಯ ವಿಷಯವನ್ನೂ ಹೇಳುತ್ತಿರುವುದರಿಂದಲೇ ಹುಟ್ಟಿರುತ್ತವೆ.

ಎರಡನೆಯ ಮಾತು: ಇಂಥ ವರ್ಷವೇ ಎಂದು ಒಮ್ಮೆಗೇ ಹೇಳಲು ಹೊರಡಬಾರದು. ಇದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲವೆಂಬ ಪೂರ್ವದ ಮೇರೆಯನ್ನೂ, ಇದಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲವೆಂಬ ಉತ್ತರದ ಮೇರೆಯನ್ನೂ ಗುರುತಿಸಿ, ಸಿಕ್ಕಿದ ಒಂದೊಂದು ಸಾಕ್ಷ್ಯದಿಂದಲೂ ಆ ಎರಡು ಮೇರೆಗಳನ್ನು ಹತ್ತಿರಕ್ಕೆ ತರುತ್ತ ಹೋಗಬೇಕು. ಕವಿಕಾಲನಿರ್ಣಯದಲ್ಲಿ ವಿದ್ವಾಂಸರು ಅನುಸರಿಸುವ ಕ್ರಮವೂ ಇದೇ.

ಈ ಕ್ರಮದಲ್ಲಿ ಮೊದಲ ಸಾಕ್ಷ್ಯವು ತಯಾರಕರ ಹೆಸರು. ಕುಮಟೆಯ ಗೃಹಸ್ಥರ ಗಾಡಿ ಜಾವಾ. ಈ ಹೆಸರಿನ ವ್ಯುತ್ಪತ್ತಿಯು ಸ್ವಾರಸ್ಯವಾಗಿದೆ. ಝೆಕೊಸ್ಲೊವಾಕಿಯದ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರು ಸೈಕಲ್ಲಿನ ಹಕ್ಕುಗಳನ್ನು ಪಡೆದು, ತಮ್ಮ ಹೆಸರಿನ ಮೊದಲಕ್ಷರಗಳಿಗೆ ಆ ಕಂಪೆನಿಯ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಈ ನಾಮಧೇಯವನ್ನು ಕಲ್ಪಿಸಿದರು. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ದೇಶದಲ್ಲಿ ಇದನ್ನು ತಯಾರಿಸಿದುದು ಮೈಸೂರಿನ ಐಡಿಯಲ್ ಜಾವಾ ಕಂಪೆನಿ. ಇರಾನಿ ಮನೆತನದ ರುಸ್ತುಂ ಮತ್ತು ಫಾರೂಖ್ ಎಂಬವರು ೧೯೬೦ರಲ್ಲಿ ಇದನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯನ್ನು ೧೯೬೧ರಲ್ಲಿ, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ೧೯೭೩ರಿಂದ ಗಾಡಿಗಳಿಗೆ ಯೆಜ್ದಿ ಎಂಬ ಹೆಸರು ಬಂದಿತು. ಇದು ಇರಾನದ ಯಜ್ದ್ ನಗರವನ್ನು ನೆನಪಿಗೆ ತರುವ ಹೆಸರು. ೧೯೯೬ರಲ್ಲಿ ಕಾರ್ಖಾನೆಯು ಮುಚ್ಚಿಹೋಯಿತು.

ಇಷ್ಟರಿಂದಲೇ ಎಷ್ಟು ವಿಷಯ ಸಿದ್ಧವಾಯಿತೆಂಬುದನ್ನು ನೋಡಿರಿ. ಚೌಕಟ್ಟಿನ ತಗಡಿನ ಮೇಲೆ ಮೈಸೂರಿನ ಹೆಸರಿದ್ದರೆ ಆ ಗಾಡಿಗೆ ೧೯೬೧ ಪೂರ್ವದ ಮೇರೆಯಾಯಿತು. ಎಂಜಿನಿನ ಪಕ್ಕದ ಮುಚ್ಚಳದ ಮೇಲೆ ಯೆಜ್ದಿ ಎಂದು ಎರಕದಲ್ಲಿ ಮೂಡಿದ್ದರೆ ಆ ಮುಚ್ಚಳಕ್ಕೆ ೧೯೭೩ ಪೂರ್ವದ ಮೇರೆಯೂ ೧೯೯೬ ಉತ್ತರದ ಮೇರೆಯೂ ಆದುವು. ‘ಮುಚ್ಚಳಕ್ಕೆ’ ಎಂದೆನೇ ಹೊರತು ‘ಎಂಜಿನಿಗೆ’ ಎನ್ನಲಿಲ್ಲ. ನಾಲ್ಕಾರು ತಿರುಪುಗಳನ್ನು ಬಿಚ್ಚಿದರೆ ಮುಚ್ಚಳ ಬೇರೆಯಾಗುವುದು. ಒಂದರ ಮುಚ್ಚಳವನ್ನು ಮತ್ತೊಂದಕ್ಕೆ ಹಾಕಿರುವವರು ಎಷ್ಟೋ ಮಂದಿ. ಇನ್ನು ೨೦೧೮ರಲ್ಲಿ ಜಾವಾ ಹೆಸರೂ ೨೦೨೨ರಲ್ಲಿ ಯೆಜ್ದಿ ಹೆಸರೂ ಬೇರೊಂದು ಕಂಪೆನಿಯ ಮೂಲಕ ಪುನಃ ಪೇಟೆಗೆ ಬಂದಿರುವುದರಿಂದ, ಹೆಸರೊಂದನ್ನೇ ನಂಬುವಂತಿಲ್ಲ. ಆದರೆ ಹೊಸವು ನಾಲ್ಕು ಹೊಡೆತದ, ದ್ರವದಿಂದ ತಂಪಾಗುವ ಎಂಜಿನುಗಳು. ಹಳೆಯವು ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಎರಡು ಹೊಡೆತದವು. ಸಿಲಿಂಡರು ಒಂದೇ, ಹೊಗೆಯ ಕೊಳವೆಗಳು ಮಾತ್ರ ಎರಡು. ಗೇರು ಹಾಕುವ ಸನ್ನೆಯನ್ನೇ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆಯುವ ಏರ್ಪಾಡು. ಇವನ್ನು ನೋಡಿದವರು ಹೊಸದು ಹಳೆಯದೆಂಬ ಭ್ರಾಂತಿಗೆ ಒಳಗಾಗಲಾರರು.

ಅಣ್ಣನವರು ಹೇಳುವ ೧೯೪೭ರ ಮಾತನ್ನು ಇನ್ನೊಂದು ಅಂಗದಿಂದಲೂ ಪರೀಕ್ಷಿಸಬಹುದು. ಎರಡನೆಯ ಮಹಾಯುದ್ಧ ಮುಗಿದೊಡನೆ ಬಂದ ಪೆರಾಕ್ ಎಂಬ ಜಾವಾದಲ್ಲಿ ಹಿಂದಿನ ಗಾಲಿಯ ಅಚ್ಚಿನ ಎರಡು ಪಕ್ಕಗಳಲ್ಲಿ ನೆಟ್ಟಗೆ ನಿಂತ ಕೊಳವೆಗಳೊಳಗೆ ಸ್ಪ್ರಿಂಗುಗಳಿದ್ದುವು. ಹಿಂದಿನ ಗಾಲಿಯನ್ನು ಹಿಡಿದು ಮೇಲೆಕೆಳಗೆ ಆಡುವ ಕವಲುತೋಳು ಜಾವಾದಲ್ಲಿ ಬಂದುದು ೧೯೫೦ರ ದಶಕದ ನಡುವಿನಲ್ಲಿ. ನಮ್ಮ ಮೈಸೂರಿನ ಜಾವಾ ಈ ಎರಡನೆಯ ಜಾತಿಗೆ ಸೇರಿದುದು. ಆದಕಾರಣ ಕವಲುತೋಳಿನ ಜಾವಾ ಸ್ವಾತಂತ್ರ್ಯದ ವರ್ಷದಲ್ಲಿ ಎಲ್ಲಿಯೂ ಇರಲಿಲ್ಲ. ಅದು ಕುಮಟೆಗೆ ಬಂದಿರುವುದೆಂತು?

ಇನ್ನು ಎಂಜಿನಿನ ನಂಬರಿಗೆ ಬರೋಣ. ಎಂಜಿನಿನ ಮೇಲೆ ಎರಡು ಬಗೆಯ ಬರಹಗಳಿರುತ್ತವೆ. ಉಬ್ಬಿ ನಿಂತವು ಎರಕದ ಅಚ್ಚಿನವು. ಅವು ಆ ಭಾಗದ ಗುರುತುಗಳೇ ಹೊರತು ಎಂಜಿನಿನ ನಂಬರಲ್ಲ. ಹಲವರು ಇವನ್ನೇ ಬರೆದುಕೊಂಡು ಹೋಗಿ ಮೋಸಹೋಗುವರು. ಉಳಿಯಿಂದ ಹೊಡೆದಂತೆ ತಗ್ಗಿ ನಿಂತ ಅಂಕೆಗಳೇ ನಿಜವಾದ ನಂಬರು. ಅದು ಸಾಮಾನ್ಯವಾಗಿ ಕ್ರ್ಯಾಂಕ್‌ಕೇಸಿನ ಮೇಲೆ, ನಯಮಾಡಿದ ಸಣ್ಣ ಸ್ಥಳದಲ್ಲಿರುತ್ತದೆ. ಅದನ್ನು ಓದುವಾಗ ತಂತಿಯ ಬ್ರಶ್ಶನ್ನಾಗಲಿ ಮರಳುಕಾಗದವನ್ನಾಗಲಿ ಮುಟ್ಟಕೂಡದು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಒಂದು ರಾತ್ರಿ ಮೇಲೆ ಹಾಕಿಟ್ಟು, ಮರುದಿನ ಬಿದಿರಿನ ಕಡ್ಡಿಯಿಂದ ಜಿಡ್ಡನ್ನು ಮೆಲ್ಲನೆ ತೆಗೆಯಬೇಕು. ಬಳಿಕ ತೆಳ್ಳನೆಯ ಕಾಗದವನ್ನು ಒತ್ತಿಹಿಡಿದು ಮೆತ್ತನೆಯ ಪೆನ್ಸಿಲಿನಿಂದ ಮೇಲೆ ಉಜ್ಜಿದರೆ, ಶಾಸನದ ಪಡಿಯಚ್ಚು ತೆಗೆದಂತೆಯೇ ಅಂಕೆಗಳು ಮೂಡುವುವು. ಬ್ಯಾಟರಿಯ ಬೆಳಕನ್ನು ಎದುರಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬಿಟ್ಟರೆ ಕಣ್ಣಿಗೆ ಕಾಣದ ಗೀರುಗಳೂ ನೆರಳಿನಿಂದ ಸ್ಪಷ್ಟವಾಗುವುವು.

ನಂಬರನ್ನು ಓದುವುದು ಒಂದು, ಅರ್ಥಮಾಡುವುದು ಮತ್ತೊಂದು. ಕೆಲವು ತಯಾರಕರು ಕ್ರಮವಾಗಿ ಅಂಕೆಗಳನ್ನಷ್ಟೇ ಹೊಡೆಯುತ್ತಿದ್ದರು. ಕೆಲವರು ಅಕ್ಷರಗಳಲ್ಲಿ ಕಾಲವನ್ನು ಅಡಗಿಸುತ್ತಿದ್ದರು. ನಮ್ಮಲ್ಲಿ ಕಟಪಯಾದಿ ಎಂಬ ಸಂಖ್ಯಾಕ್ರಮವುಂಟಷ್ಟೆ: ಕಕಾರದಿಂದ ಒಂಬತ್ತು, ಟಕಾರದಿಂದ ಒಂಬತ್ತು, ಪಕಾರದಿಂದ ಐದು, ಯಕಾರದಿಂದ ಎಂಟು ಅಕ್ಷರಗಳಿಗೆ ಅಂಕೆಗಳನ್ನು ಕೊಟ್ಟು, ಬಲದಿಂದ ಎಡಕ್ಕೆ ಓದುವುದು. ‘ರಾಮ’ ಎಂಬಲ್ಲಿ ರಕಾರ ಎರಡು, ಮಕಾರ ಐದು, ಓದಿದರೆ ೫೨. ಇಂಗ್ಲಂಡಿನ ಟ್ರಯಂಫ್ ಕಂಪೆನಿಯವರು ೧೯೬೯ರ ಮಾದರಿಗಳಿಂದ ಮೊದಲ್ಗೊಂಡು ಇಂಥದೇ ಸಂಕೇತವನ್ನು ಬಳಸಿದರು. ನಂಬರಿನ ಮೊದಲಕ್ಷರ ತಿಂಗಳು, ಎರಡನೆಯದು ವರ್ಷ. ತಿಂಗಳುಗಳಿಗೆ ಎ, ಬಿ, ಸಿ, ಡಿ, ಇ, ಜಿ, ಎಚ್, ಜೆ, ಕೆ, ಎನ್, ಪಿ, ಎಕ್ಸ್ ಎಂಬ ಹನ್ನೆರಡು ಅಕ್ಷರಗಳು; ವರ್ಷಕ್ಕೆ ಸಿ ಎಂದರೆ ೧೯೬೯, ಡಿ ಎಂದರೆ ೧೯೭೦, ಇ ಎಂದರೆ ೧೯೭೧, ಜಿ ಎಂದರೆ ೧೯೭೨. ಐ ಮತ್ತು ಓ ಅಕ್ಷರಗಳನ್ನು ಬಿಟ್ಟಿರುವುದನ್ನು ಗಮನಿಸಿರಿ. ಅವು ಒಂದು ಮತ್ತು ಸೊನ್ನೆಗಳಂತೆ ತೋರುವುವು. ಹಾಗೆಯೇ ಬಿ.ಎಸ್.ಎ. ಕಂಪೆನಿಯ ಎಂ ೨೦ ಎಂಬ ಗಾಡಿಯಲ್ಲಿ ಹಿಂದೆ ಡಬ್ಲ್ಯು ಇದ್ದರೆ ಯುದ್ಧಕಾಲದ್ದು, ಎಕ್ಸ್ ಇದ್ದರೆ ೧೯೪೬ರದು. ಸೈನ್ಯಕ್ಕೆಂದು ಬಂದು, ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಜನರ ಕೈಸೇರಿದ ಗಾಡಿಗಳಲ್ಲಿ ಇದೊಂದು.

ಇಲ್ಲೊಂದು ಎಚ್ಚರಿಕೆ ಅವಶ್ಯಕ. ಇಂಗ್ಲಿಷ್ ತಯಾರಕರ ‘ವರ್ಷ’ವು ಜನವರಿಯಲ್ಲಿ ಆರಂಭವಾಗುತ್ತಿರಲಿಲ್ಲ. ಬೇಸಗೆಯ ಕೊನೆಯಲ್ಲಿ ಕಾರ್ಖಾನೆಗಳು ಮುಂದಿನ ವರ್ಷದ ಮಾದರಿಗಳನ್ನು ತಯಾರಿಸತೊಡಗುತ್ತಿದ್ದುವು. ಆದುದರಿಂದ ೧೯೪೮ರ ಅಕ್ಟೋಬರಿನಲ್ಲಿ ತಯಾರಾದುದು ೧೯೪೯ರ ಮಾದರಿಯೆನಿಸಿಕೊಳ್ಳಬಹುದು. ಯುಗಾದಿಯಿಂದ ವರ್ಷವನ್ನೆಣಿಸುವ ನಮಗೆ ಇದು ವಿಚಿತ್ರವಲ್ಲ. ಫೆಬ್ರವರಿಯಲ್ಲಿ ಹುಟ್ಟಿದ ಮಗುವಿನ ಸಂವತ್ಸರವನ್ನು ಹೇಳುವಾಗ ಹಿಂದಿನ ಯುಗಾದಿಯನ್ನೇ ಹಿಡಿಯುತ್ತೇವಲ್ಲವೆ?

ನಂಬರು ತೊಡೆದುಹೋಗಿದ್ದರೆ ಗತಿಯೇನು? ಆಗ ಅಳತೆಯೇ ಗತಿ. ಸಿಲಿಂಡರಿನ ಒಳವ್ಯಾಸವನ್ನೂ ಪಿಸ್ಟನ್ನು ಚಲಿಸುವ ದೂರವನ್ನೂ ಅಳೆದರೆ ಎಂಜಿನಿನ ಜಾತಿ ತಿಳಿಯುವುದು. ಲೆಕ್ಕವು ಭಾಸ್ಕರಾಚಾರ್ಯರ ಲೀಲಾವತಿಯನ್ನು ಓದಿದವರಿಗೆ ಹೊಸದಲ್ಲ. ವ್ಯಾಸವನ್ನು ೨೨ರಿಂದ ಗುಣಿಸಿ ೭ರಿಂದ ಭಾಗಿಸಿದರೆ ವ್ಯವಹಾರಕ್ಕೆ ಸಾಕಾಗುವ ಪರಿಧಿ. ಪರಿಧಿಯನ್ನು ವ್ಯಾಸದಿಂದ ಗುಣಿಸಿ ೪ರಿಂದ ಭಾಗಿಸಿದರೆ ವೃತ್ತದ ಕ್ಷೇತ್ರಫಲ. ಮದರಾಸಿನಲ್ಲಿ ೧೯೫೫ರಲ್ಲಿ ಸ್ಥಾಪಿತವಾದ ಎನ್‌ಫೀಲ್ಡ್ ಇಂಡಿಯಾ ಕಂಪೆನಿಯ ಹಳೆಯ ಬುಲೆಟ್ಟನ್ನು ತೆಗೆದುಕೊಳ್ಳಿರಿ. ಒಳವ್ಯಾಸ ೭೦ ಮಿಲಿಮೀಟರು, ಚಲನ ೯೦ ಮಿಲಿಮೀಟರು. ಪರಿಧಿ ೨೨೦, ಕ್ಷೇತ್ರಫಲ ೩೮೫೦, ಅದನ್ನು ೯೦ರಿಂದ ಗುಣಿಸಿದರೆ ೩,೪೬,೫೦೦ ಘನ ಮಿಲಿಮೀಟರು, ಎಂದರೆ ಸುಮಾರು ೩೪೬ ಘನ ಸೆಂಟಿಮೀಟರು. ಕಂಪೆನಿಯವರು ಹೇಳುವ ಗಾತ್ರವೂ ಅದೇ. ಮೈಸೂರಿನ ಜಾವಾದಲ್ಲಿ ಒಳವ್ಯಾಸ ೬೫, ಚಲನ ೭೫, ಯುದ್ಧಕಾಲದ ನಾರ್ಟನ್ ೧೬ ಎಚ್‌ನಲ್ಲಿ ೭೯ ಮತ್ತು ೧೦೦, ಬಿ.ಎಸ್.ಎ. ಎಂ ೨೦ರಲ್ಲಿ ೮೨ ಮತ್ತು ೯೪.

ಈ ಎರಡು ಅಳತೆಗಳಲ್ಲಿ ಯಾವುದನ್ನು ಹೆಚ್ಚಾಗಿ ನಂಬಬೇಕು? ಚಲನವನ್ನೇ. ಏಕೆಂದರೆ ಸಿಲಿಂಡರು ಸವೆದಾಗ ಬೋರಿಂಗ್ ಮಾಡಿಸಿ, ಅರ್ಧ ಮಿಲಿಮೀಟರೋ ಒಂದು ಮಿಲಿಮೀಟರೋ ದೊಡ್ಡದಾದ ಪಿಸ್ಟನ್ನನ್ನು ಹಾಕಿಸುವರು. ಒಳವ್ಯಾಸ ೭೧ ಆದ ಬುಲೆಟ್ಟು ಲೆಕ್ಕಕ್ಕೆ ೩೫೬ ಘನ ಸೆಂಟಿಮೀಟರು ಬರುವುದು. ಅಷ್ಟರಿಂದ ಅದು ಬೇರೆ ಜಾತಿಯ ಎಂಜಿನಾಗುವುದಿಲ್ಲ. ಕ್ರ್ಯಾಂಕಿನ ಅಳತೆಯು ಬೋರಿಂಗಿನಿಂದ ಬದಲಾಗದ ಕಾರಣ ಚಲನವು ಹುಟ್ಟಿನಿಂದ ಹೇಗಿತ್ತೋ ಹಾಗೆಯೇ ಉಳಿಯುವುದು. ಸ್ಪ್ಯಾನರುಗಳ ಸಾಕ್ಷ್ಯವೂ ಉಂಟು. ಇಂಗ್ಲಂಡಿನ ಹಳೆಯ ಎಂಜಿನುಗಳ ನಟ್ಟುಗಳಿಗೆ ವಿಟ್‌ವರ್ತ್ ಅಳತೆಯ ಸ್ಪ್ಯಾನರು ಬೇಕು. ಝೆಕ್ ಮೂಲದವುಗಳಿಗೆ ಮಿಲಿಮೀಟರಿನ ಸ್ಪ್ಯಾನರು. ಯಾವುದು ಬಿಗಿಯಾಗಿ ಕೂರುವುದೆಂಬುದರಿಂದಲೇ ಎಂಜಿನಿನ ಕುಲವನ್ನು ಹೇಳಬಲ್ಲ ಕುಶಲರು ನಮ್ಮ ಊರುಗಳಲ್ಲಿರುವರು.

ಬಿಡಿಭಾಗಗಳು ಮೂರನೆಯ ತರಗತಿಯ ಸಾಕ್ಷಿಗಳು. ಇಂಗ್ಲಿಷ್ ಗಾಡಿಗಳ ಲೂಕಸ್ ಡೈನಮೋ ಮತ್ತು ಮ್ಯಾಗ್ನೆಟೋಗಳ ಮೈಮೇಲೆ ತಿಂಗಳು ವರ್ಷಗಳ ಅಂಕೆಗಳನ್ನು ಹೊಡೆದಿರುವುದುಂಟು. ಆಮಲ್ ಕಾರ್ಬುರೇಟರಿನ ಮಾನೊಬ್ಲಾಕ್ ಎಂಬ ಜಾತಿ ೧೯೫೫ರಲ್ಲಿಯೂ, ಕಾನ್ಸೆಂಟ್ರಿಕ್ ಎಂಬುದು ೧೯೬೭ರಲ್ಲಿಯೂ ಬಂದುವು. ಇವೆಲ್ಲ ಬದಲಾಯಿಸಬಹುದಾದ ವಸ್ತುಗಳು. ಹಳೆಯ ಎಂಜಿನಿಗೆ ಹೊಸ ಕಾರ್ಬುರೇಟರು ಇರುವುದು ಸಹಜ. ಆದರೆ ಒಂದೇ ವರ್ಷದತ್ತ ಬೆರಳು ತೋರಿಸುವ ಭಾಗಗಳು ನಾಲ್ಕೈದು ಕೂಡಿದರೆ ಆ ಮಾತಿಗೆ ತೂಕ ಬರುವುದು.

ನಂಬಲೇಬಾರದ ಸಾಕ್ಷಿಯೆಂದರೆ ತುಕ್ಕು. ಶರಾವತಿ ಅಘನಾಶಿನಿಗಳು ಕಡಲನ್ನು ಸೇರುವ ನಮ್ಮ ನಾಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದು. ಉಪ್ಪಿನ ಗಾಳಿಯು ಕಬ್ಬಿಣವನ್ನು ತಿನ್ನುವುದಲ್ಲದೆ ಅಲ್ಯೂಮಿನಿಯಮಿನ ಮೇಲೂ ಬಿಳಿಯ ಹಿಟ್ಟಿನಂತಹ ಪೊರೆಯನ್ನು ಬರಿಸುವುದು. ಹೊನ್ನಾವರದ ಕಾಸರಕೋಡಿನ ಕಡಲದಂಡೆಯಲ್ಲಿ ಹತ್ತು ಮಳೆಗಾಲ ನಿಂತ ಗಾಡಿಯು, ಘಟ್ಟದ ಮೇಲೆ ಒಣ ಮನೆಯಲ್ಲಿ ಮೂವತ್ತು ವರ್ಷ ನಿಂತುದಕ್ಕಿಂತ ಹಳೆಯದಾಗಿ ತೋರುವುದು. ‘ನೋಡಿದರೇ ಗೊತ್ತಾಗುತ್ತದೆ, ಅಜ್ಜನ ಕಾಲದ್ದು’ ಎಂಬ ಮಾತಿಗೆ ಬೆಲೆಯಿಲ್ಲ.

ಇನ್ನು ಕಾಗದಪತ್ರಗಳು. ನಮ್ಮ ಜಿಲ್ಲೆಯ ಇತಿಹಾಸವೇ ಇಲ್ಲಿ ಸಹಾಯಕ್ಕೆ ಬರುವುದು. ಉತ್ತರ ಕನ್ನಡವು ೧೯೫೬ರ ನವೆಂಬರ್ ೧ರವರೆಗೆ ಮುಂಬಯಿಗೆ ಸೇರಿತ್ತು. ಆ ದಿನ ಮೈಸೂರು ರಾಜ್ಯಕ್ಕೆ ಬಂದಿತು. ೧೯೭೩ರ ನವೆಂಬರ್ ೧ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ಆದುದರಿಂದ ಇಲ್ಲಿಯೇ ನೋಂದಣಿಯಾದ ಗಾಡಿಯ ಫಲಕದಲ್ಲಿ ಎಂವೈ ಎಂಬ ಮೈಸೂರಿನ ಅಕ್ಷರಗಳಿದ್ದರೆ ಆ ನೋಂದಣಿ ೧೯೫೬ಕ್ಕಿಂತ ಹಿಂದಿನದಲ್ಲ. ೧೯೮೯ರಲ್ಲಿ ಹೊಸ ನಿಯಮಗಳು ಬಂದ ಮೇಲೆ ಕೆಎ ಎಂಬ ಅಕ್ಷರಗಳೂ, ಕಾರವಾರಕ್ಕೆ ೩೦, ಶಿರಸಿಗೆ ೩೧, ಮುಂದೆ ಹೊನ್ನಾವರಕ್ಕೆ ೪೭ ಎಂಬ ಅಂಕೆಗಳೂ ಬಂದುವು. ಇವು ನೋಂದಣಿಯ ಕಾಲವನ್ನು ಹೇಳುತ್ತವೆ, ತಯಾರಿಕೆಯ ಕಾಲವನ್ನಲ್ಲ.

ಸರಕಾರದ ಪುಸ್ತಕ ಕೆಟ್ಟಿದ್ದರೆ ಮನೆಯ ಕಿರ್ದಿಯನ್ನು ತೆರೆಯಿರಿ. ಹಳೆಯ ಮನೆಗಳಲ್ಲಿ ಲೆಕ್ಕವನ್ನು ಸಂವತ್ಸರದ ಹೆಸರಿನಿಂದ ಬರೆದಿರುವರು. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, ಹೆಸರೊಂದೇ ಇದ್ದರೆ ಸಂದೇಹ ಉಳಿಯುವುದು. ಯಂತ್ರದ ಪೂರ್ವದ ಮೇರೆಯೊಡನೆ ಕೂಡಿಸಿದರೆ ಪರಿಹಾರವಾಗುವುದು. ಸರ್ವಜಿತು ೧೯೪೭–೪೮, ಪ್ಲವ ೧೯೬೧–೬೨, ಶುಭಕೃತು ೧೯೬೨–೬೩. ಶುಭಕೃತುವು ೧೯೦೨ರಲ್ಲಿಯೂ ೨೦೨೨ರಲ್ಲಿಯೂ ಬಂದಿರುವುದಾದರೂ ಮೈಸೂರಿನ ಜಾವಾಕ್ಕೆ ಆ ಎರಡೂ ಸಲ್ಲವು.

ಈ ವಿವರಗಳನ್ನೆಲ್ಲ ನಾನು ಬರೆದು ಕಳುಹಿಸಿದ ಒಂದು ತಿಂಗಳಿಗೆ ಕುಮಟೆಯಿಂದ ಎರಡನೆಯ ಪತ್ರ ಬಂದಿತು. ಫಲಕದಲ್ಲಿ ಎಂವೈ ಅಕ್ಷರಗಳು. ಚೌಕಟ್ಟಿನ ತಗಡಿನ ಮೇಲೆ ಜಾವಾ ಮತ್ತು ಮೈಸೂರಿನ ಹೆಸರು. ಎಂಜಿನಿನ ಮುಚ್ಚಳದ ಮೇಲೆ ಯೆಜ್ದಿ. ಮುಚ್ಚಳ ಮಾತ್ರ ಬದಲಾಗಿರಬಹುದೆಂದು ಶಂಕಿಸಿ ನಂಬರನ್ನು ನೋಂದಣಿ ಪುಸ್ತಕದೊಡನೆ ತಾಳೆನೋಡಿದರೆ ಚಾಸಿಯ ನಂಬರು ಕೂಡಿತು, ಎಂಜಿನಿನದು ಕೂಡಲಿಲ್ಲ. ಅಂದರೆ ಎಂಜಿನೇ ಬೇರೆ. ದಲ್ಲಾಳಿಯು ‘ಸರಿಪಡಿಸು’ ಎಂದುದರ ಅರ್ಥವು ಆಗ ತಿಳಿಯಿತು: ಈಗಿನ ನಂಬರನ್ನು ಉಜ್ಜಿ ತೆಗೆದು, ಪುಸ್ತಕದಲ್ಲಿರುವ ನಂಬರನ್ನು ಹೊಡೆಯಿಸುವುದು.

ಅಣ್ಣತಮ್ಮಂದಿರು ಅಟ್ಟದ ಮೇಲಿನ ಕಿರ್ದಿಗಳನ್ನು ಕೆಳಗಿಳಿಸಿದರು. ಶುಭಕೃತು ಸಂವತ್ಸರದ ಮಾರ್ಗಶಿರದಲ್ಲಿ ‘ಮೋಟಾರು ಸೈಕಲ್ಲಿನ ಬಾಬ್ತು’ ಎಂಬ ಖರ್ಚು ತಂದೆಯವರ ಕೈಬರಹದಲ್ಲಿಯೇ ಇತ್ತು, ಅಜ್ಜನವರದಲ್ಲಿ ಅಲ್ಲ. ಮುಂದೆ ಸಿದ್ಧಾರ್ಥಿ ಸಂವತ್ಸರದಲ್ಲಿ, ಎಂದರೆ ೧೯೭೯–೮೦ರಲ್ಲಿ, ‘ಹುಬ್ಬಳ್ಳಿಯಿಂದ ಎಂಜಿನು ತರಿಸಿದ್ದು’ ಎಂಬ ಖರ್ಚು. ಅದೇ ಪುಟದ ಜಮೆಯ ಕಡೆಯಲ್ಲಿ ‘ಬಳೆ ೨, ಅಡವು’ ಎಂಬ ಒಂದು ಸಾಲು. ಆ ಬಳೆಗಳನ್ನು ಬಿಡಿಸಿಕೊಂಡ ಲೆಕ್ಕವು ಮುಂದಿನ ಯಾವ ಪುಟದಲ್ಲಿಯೂ ಸಿಕ್ಕಲಿಲ್ಲ.

ಪುಸ್ತಕವನ್ನು ಹಿಡಿದುಕೊಂಡು ಅವರು ಒಳಗೆ ಮಲಗಿದ್ದ ತಾಯಿಯವರ ಬಳಿಗೆ ಹೋದರಂತೆ. ಎಂಬತ್ತು ದಾಟಿದ ಆಕೆ ಕೇಳಿ, ‘ಗಾಡಿ ಮನೆಗೆ ಬಂದಾಗ ನೀನು ಆರು ತಿಂಗಳ ಕೂಸು’ ಎಂದು ಹಿರಿಯ ಮಗನಿಗೆ ಹೇಳಿದರು. ‘ದೇವಿಮನೆ ಘಟ್ಟ ಹತ್ತುವಾಗ ಎಂಜಿನು ಸುಟ್ಟಿತು. ಗಾಡಿ ಇಲ್ಲದೆ ನಿಮ್ಮಪ್ಪನಿಗೆ ಹಳ್ಳಿಹಳ್ಳಿಯ ಶಾಲೆ ತಿರುಗುವುದು ಸಾಧ್ಯವಿರಲಿಲ್ಲ. ನಾನೇ ಬಳೆ ಬಿಚ್ಚಿ ಕೊಟ್ಟೆ.’ ‘ಆಯೀ, ಇಷ್ಟು ದಿನ ಏಕೆ ಹೇಳಲಿಲ್ಲ?’ ಎಂದು ಕಿರಿಯವರು ಕೇಳಿದರು. ‘ನನ್ನನ್ನು ಯಾರು ಕೇಳಿದರು?’ ಎಂದರಂತೆ ಆಕೆ.

ಪತ್ರದ ಕೊನೆಯಲ್ಲಿ ಪ್ರಶ್ನೆಯೊಂದು ಉಳಿದಿತ್ತು: ಎಂಜಿನು ಬದಲಾದುದನ್ನು ಕೊಳ್ಳುವವರಿಗೆ ಹೇಳಬೇಕೆ? ೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿ, ಮೂಲರೂಪದಲ್ಲಿರುವ ಗಾಡಿಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯುಂಟು. ಹೊಸ ನೋಂದಣಿಗೆ ಶುಲ್ಕ ೨೦,೦೦೦ ರೂಪಾಯಿ, ಅವಧಿ ೧೦ ವರ್ಷ. ಚೌಕಟ್ಟು ಅಥವಾ ಎಂಜಿನಿನಲ್ಲಿ ಗಣನೀಯವಾದ ಮಾರ್ಪಾಟು ಆಗಿರಕೂಡದೆಂಬುದು ಅದರ ಷರತ್ತು. ಬೇರೆ ಎಂಜಿನು ಕೂಡಿಸಿದೆಯೆಂದು ಹೇಳಿದರ ಬೆಲೆ ಇಳಿಯುವುದು ನಿಜ. ಆದರೂ ಹೇಳಲೇಬೇಕೆಂದು ನಾನು ಬರೆದೆನು. ಎಂಜಿನು ಬದಲಾಯಿಸಿದುದನ್ನು ನೋಂದಣಿ ಅಧಿಕಾರಿಗಳಿಗೆ ತಿಳಿಸಿ ಪುಸ್ತಕದಲ್ಲಿ ಬರೆಯಿಸುವ ಮಾರ್ಗವು ೧೯೮೮ರ ಮೋಟಾರು ವಾಹನ ಕಾಯಿದೆಯಲ್ಲಿದೆ. ನಂಬರನ್ನು ಉಜ್ಜಿ ಬೇರೆ ಹೊಡೆಯಿಸಿದರೋ, ಪ್ರಾಮಾಣಿಕನು ದುಡಿದು ಕೊಂಡ ಗಾಡಿಯು ಕದ್ದ ಮಾಲಿನಂತೆ ಕಾಣುವುದು. ಕೊಂಡವನು ಮುಂದೊಂದು ದಿನ ಪೋಲೀಸು ಠಾಣೆಯ ಮೆಟ್ಟಿಲು ಹತ್ತಬೇಕಾದೀತು. ಉಜ್ಜಿದ ಗುರುತನ್ನು ಕಂಡುಹಿಡಿಯುವುದೂ ಕಷ್ಟವಲ್ಲ: ನಂಬರಿನ ಸುತ್ತಣ ಲೋಹ ತುಸು ತಗ್ಗಿರುವುದು, ಅಂಕೆಗಳು ಒಂದೇ ಆಳದಲ್ಲಿರವು, ಸಾಲು ಓರೆಯಾಗಿರುವುದು.

ಸಹೋದರರು ನಿಜವನ್ನು ಹೇಳಿಯೇ ಮಾರಿದರು. ದಲ್ಲಾಳಿಯು ಆಸೆ ತೋರಿಸಿದ ಬೆಲೆಯ ಅರ್ಧವೂ ಬರಲಿಲ್ಲವೆಂದು ಮೂರನೆಯ ಪತ್ರದಲ್ಲಿ ಬರೆದಿರುವರು. ಬಂದ ಹಣದಲ್ಲಿ ತಾಯಿಗೆ ಎರಡು ಬಳೆ ಮಾಡಿಸಬೇಕೆಂದು ಹೋದರೆ ಈಗಿನ ಚಿನ್ನದ ದರಕ್ಕೆ ಒಂದೂ ಆಗಲಿಲ್ಲವಂತೆ. ಉಳಿದುದನ್ನು ಇಬ್ಬರೂ ಸಮನಾಗಿ ಹಾಕಿಕೊಂಡರೆಂದು ತಿಳಿಸಿರುವರು.

ಮನೆಯಲ್ಲಿ ಹಳೆಯ ಗಾಡಿಯಿರುವ ವಾಚಕರು ಈ ಕ್ರಮವನ್ನು ನೆನಪಿನಲ್ಲಿಡತಕ್ಕದ್ದು. ಮೊದಲು ಮನೆಯ ಹಿರಿಯರನ್ನು, ವಿಶೇಷವಾಗಿ ಹೆಂಗಸರನ್ನು ಕೇಳಿರಿ; ಅವರು ವರ್ಷವನ್ನು ಹೇಳಲಾರದಿದ್ದರೂ ಯಾವ ಮಗು ಹುಟ್ಟಿದಾಗ, ಯಾವ ಮದುವೆಗೆ ಮುಂಚೆ ಎಂಬುದನ್ನು ಹೇಳಬಲ್ಲರು. ಬಳಿಕ ಕಾಗದಪತ್ರ ಮತ್ತು ಕಿರ್ದಿ; ಬಳಿಕ ಚಾಸಿಯ ಮತ್ತು ಎಂಜಿನಿನ ನಂಬರುಗಳ ಪಡಿಯಚ್ಚು ತೆಗೆದು ಪುಸ್ತಕದೊಡನೆ ತಾಳೆನೋಡುವುದು; ಬಳಿಕ ತಯಾರಕರ ಹೆಸರು ಮತ್ತು ಅಳತೆ; ಕೊನೆಗೆ ಬಿಡಿಭಾಗಗಳು. ತೆಗೆದ ಪಡಿಯಚ್ಚನ್ನು ತಾರೀಖು ಹಾಕಿ ನೋಂದಣಿ ಪುಸ್ತಕದಲ್ಲಿಯೇ ಇಟ್ಟಿರಿ. ಆ ಪುಸ್ತಕವನ್ನು ಗೆದ್ದಲು ಮುಟ್ಟದಂತೆ ತಗಡಿನ ಪೆಟ್ಟಿಗೆಯಲ್ಲಿರಿಸಿರಿ. ಮಳೆಗಾಲಕ್ಕೆ ಮುಂಚೆ ನಂಬರಿನ ಸ್ಥಳಕ್ಕೆ ತುಸು ಗ್ರೀಸು ಸವರಿಟ್ಟರೆ ಮುಂದಿನವರಿಗೂ ಅದು ಓದಲು ಸಿಕ್ಕುವುದು.